ಯೆರವಡಾದ ಅಜ್ಜಿ



ನಗರ ರಸ್ತೆಯಲ್ಲಿ ನಿತ್ಯ ಹಾದುಹೋಗುವ ನಮಗೆ ಆಗಾಖಾನ್ ಅರಮನೆ ಒಂದು ಬಸ್ ನಿಲ್ದಾಣದ ಹೆಸರು. ಅಲ್ಲಿ ಸೆರೆಯಲ್ಲಿದ್ದ ಕಸ್ತೂರಬಾ 1944ರ ಫೆಬ್ರವರಿ 22ರ ಶಿವರಾತ್ರಿಯಂದು ದೇಹ ಬಿಟ್ಟರು. ಪತಿಯ ನೆರಳೆಂದೇ ಅವರನ್ನು ಸ್ಮರಿಸುವುದು ವಾಡಿಕೆ, ನಾನೊಪ್ಪೆ. 1942ರಲ್ಲಿ ಗಾಂಧೀಜಿ ಬಂಧಿತರಾದಾಗ, ಅವರಾಡಬೇಕಿದ್ದ ಮುಂಬಯಿಯ ಸಭೆಯಲ್ಲಿ ತಾವೇ ಮಾತನಾಡುವೆನೆಂದು ಹೊರಟು ಸೆರೆಯಾದವರು ಆಕೆ.

ಜೊತೆಯ ಬಂದಿ ಮಹಾದೇವ ದೇಸಾಯಿ ಅಲ್ಲಿಯೇ ತೀರಿಕೊಂಡಾಗ ಅವರ ಸಮಾಧಿ ಈ ಅಜ್ಜಿಗೆ ಶಂಕರನ ಗುಡಿಯಾಯಿತು. ನಮ್ಮ ಅಜ್ಜಿಯರಂತೆಯೇ ತುಳಸಿಯ ಪೂಜೆಯೂ ಇತ್ತು. ಕೊನೆಯ ದಿನಗಳಲ್ಲಿ ಕುಡಿದು ಬಂದ ಹಿರಿಯ ಮಗನನ್ನು ಕಂಡು ಹಣೆ ಚಚ್ಚಿಕೊಂಡರು. ಚಿತೆಗೆ ಉಡಿಸಿದ್ದು ಪತಿ ನೂತ ನೂಲಿನ ಸೀರೆ.

ಅವರ ಸ್ಮಾರಕ ನಿಧಿ ಹಳ್ಳಿಯ ಹೆಂಗಸರು, ಮಕ್ಕಳ ಸೇವೆಗೆ ಮೀಸಲಾಯಿತು. ನಮ್ಮ ಅರಸೀಕೆರೆಯಲ್ಲಿಯೂ ಅದರ ಕೇಂದ್ರವುಂಟು. ಬರುವ ಶಿವರಾತ್ರಿಗೆ, ಗುಡಿಗೆ ಹೋಗುವ ದಾರಿಯಲ್ಲಿ, ಈ ಅರಮನೆಯ ಬಳಿಯೂ ಒಮ್ಮೆ ಇಳಿಯೋಣ.