ಐಸ್‌ಲ್ಯಾಂಡಿನ ಅಬ್ಬಿಗಳು: ಹಿಮದಿಂದ ಕಡಲಿನವರೆಗೆ

(ಜಲ ಸಂರಕ್ಷಣಾ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ನಾನು ಕಣ್ಣಾರೆ ಕಾಣದ ಒಂದು ನಾಡಿನ ಬಗ್ಗೆ ಇಂದು ಮಾತನಾಡುತ್ತಿದ್ದೇನೆ. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿರುವ ಐಸ್‌ಲ್ಯಾಂಡ್ ಎಂಬ ದ್ವೀಪದೇಶ ಅದು. ವಿಸ್ತಾರದಲ್ಲಿ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಸುಮಾರು ನಾಲ್ಕು ಲಕ್ಷ ಮಾತ್ರ. ಮಣ್ಣು ಮತ್ತು ನೀರಿನ ಸಂಬಂಧವನ್ನು ಅಭ್ಯಸಿಸುವ ನನ್ನ ವೃತ್ತಿಯೇ ನನ್ನನ್ನು ಅಲ್ಲಿನ ಹೊಳೆಗಳತ್ತ ಕರೆದೊಯ್ದಿತು. ಓದುತ್ತ ಹೋದಂತೆ ಅಬ್ಬಿಗಳ ಅಂದಕ್ಕಿಂತ ಅವುಗಳಿಗಾಗಿ ನಡೆದ ಜಗಳಗಳೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವು.

ಮೊದಲು ಹೆಸರುಗಳನ್ನು ತಿಳಿಯೋಣ. ಅವರ ಭಾಷೆಯಲ್ಲಿ 'ಫಾಸ್' ಎಂದರೆ ಅಬ್ಬಿ, 'ಯೋಕುಲ್' ಎಂದರೆ ಹಿಮನದಿ, ಹೆಸರಿನ ಕೊನೆಯಲ್ಲಿ ಬರುವ 'ಆ' ಎಂದರೆ ಹೊಳೆ. ಗುಲ್‌ಫಾಸ್ ಎಂದರೆ ಹೊನ್ನಬ್ಬಿ. ಅದಕ್ಕೆ ನೀರು ತರುವ ಹ್ವೀತಾ ಎಂದರೆ ಬಿಳಿಹೊಳೆ. ಮಲೆನಾಡಿನ ನಮ್ಮ ಹಿರಿಯರು ಇಟ್ಟ ಹೆಸರುಗಳಂತೆಯೇ ಇವೆ, ಅಲ್ಲವೇ?

ಹೊಳೆ ಬಿಳಿಯಾಗಿರುವುದಕ್ಕೆ ಕಾರಣವಿದೆ. ದೇಶದ ಸುಮಾರು ಹತ್ತನೆಯ ಒಂದು ಭಾಗವನ್ನು ಹಿಮನದಿಗಳು ಆವರಿಸಿವೆ. ಅವುಗಳಲ್ಲಿ ದೊಡ್ಡದು ವಾಟ್ನಾಯೋಕುಲ್. ಅದರ ಮಂಜುಗಡ್ಡೆಯ ಸರಾಸರಿ ದಪ್ಪವೇ 350 ಮೀಟರಿಗೂ ಹೆಚ್ಚು. ಈ ಗಡ್ಡೆ ತನ್ನ ಭಾರಕ್ಕೆ ತಾನೇ ಜಗ್ಗಿ ನಿಧಾನವಾಗಿ ಕೆಳಗೆ ಸರಿಯುತ್ತದೆ. ಆದ್ದರಿಂದ ಹಿಮನದಿ ಎಂಬ ನಮ್ಮ ಶಬ್ದ ಸರಿಯಾಗಿಯೇ ಇದೆ. ಸರಿಯುವಾಗ ಅಡಿಯ ಬಂಡೆಯನ್ನು ಬೀಸುಕಲ್ಲಿನಂತೆ ಅರೆದು ನುಣ್ಣನೆಯ ಹಿಟ್ಟು ಮಾಡುತ್ತದೆ. ಆ ಹಿಟ್ಟು ಕಲೆತ ನೀರು ಅಕ್ಕಚ್ಚಿನ ಬಣ್ಣಕ್ಕೆ ತಿರುಗುತ್ತದೆ.

ನಮ್ಮ ಜೋಗ ಜುಲೈ, ಆಗಸ್ಟ್ ತಿಂಗಳಲ್ಲಿ ಉಕ್ಕುವುದು ಮಳೆಯಿಂದ. ಅಲ್ಲಿನ ಹಿಮನದಿ ಹೊಳೆಗಳು ಉಕ್ಕುವುದೂ ಅದೇ ತಿಂಗಳುಗಳಲ್ಲಿ. ಆದರೆ ಅದು ಬೇಸಿಗೆಯ ಬಿಸಿಲಿಗೆ ಹಿಮ ಕರಗುವುದರಿಂದ. ಗುಲ್‌ಫಾಸ್‌ನಲ್ಲಿ ಬೇಸಿಗೆಯ ಸರಾಸರಿ ಹರಿವು ಸೆಕೆಂಡಿಗೆ ಸುಮಾರು 140 ಘನ ಮೀಟರ್. ಚಳಿಗಾಲದಲ್ಲಿ ಸುಮಾರು 80. ಹಿಂದೆಂದೋ ಬಿದ್ದ ಹಿಮ ಈ ವರ್ಷದ ನೀರಾಗಿ ಇಳಿಯುತ್ತದೆ.

ಎತ್ತರದಲ್ಲಿ ಗುಲ್‌ಫಾಸ್ ದೊಡ್ಡದೇನಲ್ಲ. 11 ಮೀಟರ್ ಮತ್ತು 21 ಮೀಟರಿನ ಎರಡು ಮೆಟ್ಟಿಲಿಳಿದು ಆಳವಾದ ಕೊರಕಲಿನೊಳಗೆ ಮರೆಯಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊರಗಿನ ಬಂಡವಾಳಗಾರರು ಇಲ್ಲಿ ವಿದ್ಯುತ್ ತೆಗೆಯಲು ಹೊರಟು ಅಬ್ಬಿಯ ಹಕ್ಕನ್ನು ಗೇಣಿಗೆ ಪಡೆದರು. ಪಕ್ಕದ ಬ್ರಾಟ್‌ಹೋಲ್ಟ್ ಎಂಬ ಒಕ್ಕಲುಮನೆಯ ಮಗಳು ಸಿಗ್ರಿದೂರ್ ಟೋಮಾಸ್‌ದೋತ್ತಿರ್ ಇದನ್ನು ಒಪ್ಪಲಿಲ್ಲ. ಆಕೆ ಶಾಲೆ ಕಲಿತವಳಲ್ಲ. ರಾಜಧಾನಿ ರೇಕ್ಯಾವಿಕ್‌ಗೆ ಮತ್ತೆ ಮತ್ತೆ ಹೋಗಿ ನ್ಯಾಯಾಲಯದಲ್ಲಿ ಹೋರಾಡಿದಳು. ನೂರು ಕಿಲೋಮೀಟರಿಗೂ ಹೆಚ್ಚಿನ ಆ ದಾರಿಯನ್ನು ಬರಿಗಾಲಲ್ಲಿ ನಡೆದಳೆಂದೂ, ಕೆಲಸ ಆರಂಭವಾದರೆ ಅಬ್ಬಿಗೆ ಹಾರುವೆನೆಂದಳೆಂದೂ ಜನ ಹೇಳುತ್ತಾರೆ. ಜನರ ಬಾಯಲ್ಲಿ ಕಥೆ ಬೆಳೆದಿರಲೂಬಹುದು. ಕಾಗದದ ಸತ್ಯ ಬೇರೆ ಇದೆ: ಆಕೆ ಮೊಕದ್ದಮೆಯಲ್ಲಿ ಸೋತಳು. 1929ರಲ್ಲಿ ಗೇಣಿ ಹಣ ಪಾವತಿಯಾಗದ ಕಾರಣಕ್ಕೆ ಕರಾರು ರದ್ದಾಯಿತು. ಹಾಗಾದರೆ ಅಬ್ಬಿಯನ್ನು ಉಳಿಸಿದ್ದು ಆಕೆಯೇ, ಬಾಕಿ ಹಣವೇ? ಎರಡೂ ಎಂದೇ ನನ್ನ ಅಭಿಪ್ರಾಯ. ಆಕೆ ವರ್ಷಗಟ್ಟಲೆ ತಡೆದು ನಿಲ್ಲಿಸದೇ ಇದ್ದಿದ್ದರೆ, ಕರಾರು ಬೀಳುವ ವೇಳೆಗೆ ಕಟ್ಟಡ ಎದ್ದಿರುತ್ತಿತ್ತೋ ಏನೋ. ಆಕೆಯ ವಕೀಲರಾಗಿದ್ದ ಸ್ವೇನ್ ಬ್ಯೋರ್ನ್‌ಸನ್ 1944ರಲ್ಲಿ ದೇಶದ ಮೊದಲ ಅಧ್ಯಕ್ಷರಾದರು. ಗುಲ್‌ಫಾಸ್ 1979ರಲ್ಲಿ ಸಂರಕ್ಷಿತ ಪ್ರದೇಶವಾಯಿತು.

ಎರಡನೆಯ ಕಥೆ ಬೇಸಾಯಗಾರರದು. ಉತ್ತರದ ಮೀವಾಟ್ನ್ ಸರೋವರದಿಂದ ಲಾಕ್ಸಾ ಹೊಳೆ ಹೊರಡುತ್ತದೆ. ಹೆಸರಿನ ಅರ್ಥ ಸಾಲ್ಮನ್ ಮೀನಿನ ಹೊಳೆ. ಇದು ಹಿಮನದಿಯ ನೀರಲ್ಲ, ಲಾವಾ ಬಂಡೆಯಡಿಯಿಂದ ಒಸರುವ ಒರತೆಯ ನೀರು, ಆದ್ದರಿಂದ ತಿಳಿಯಾಗಿದೆ. ಇಲ್ಲಿ ಎತ್ತರದ ಅಣೆಕಟ್ಟು ಕಟ್ಟಿ ಕಣಿವೆಯನ್ನು ಮುಳುಗಿಸುವ ಯೋಜನೆ ಬಂತು. ಅರ್ಜಿ, ಸಭೆ, ಮೆರವಣಿಗೆ ಎಲ್ಲವೂ ಆದವು. ಕೊನೆಗೆ 1970ರ ಆಗಸ್ಟ್ 25ರಂದು ಊರವರು ಸೇರಿ ಹೊಳೆಯ ಕವಲಿಗೆ ಅಡ್ಡಲಾಗಿ ಮೊದಲೇ ಕಟ್ಟಿದ್ದ ಒಂದು ಸಣ್ಣ ಒಡ್ಡನ್ನು ಸಿಡಿಮದ್ದಿಟ್ಟು ಒಡೆದರು. ಮದ್ದಿನ ದಾರಿಯನ್ನು ನಾನು ಹೊಗಳುತ್ತಿಲ್ಲ. ವಿದ್ಯಾರ್ಥಿಗಳು ಹಾಗೆ ಭಾವಿಸಬಾರದು. ನಾನು ಗಮನಿಸಿದ್ದು ಆಮೇಲಿನ ನಡತೆಯನ್ನು. ಪೊಲೀಸರು ವಿಚಾರಣೆಗೆ ಬಂದಾಗ ನೂರಕ್ಕೂ ಹೆಚ್ಚು ಜನ ತಾವೇ ಮಾಡಿದ್ದೆಂದು ಹೊಣೆ ಹೊತ್ತರು. ದೊಡ್ಡ ಯೋಜನೆಯನ್ನು ಕೈಬಿಡಲಾಯಿತು. 1974ರಲ್ಲಿ ಮೀವಾಟ್ನ್ ಮತ್ತು ಲಾಕ್ಸಾಗಳ ರಕ್ಷಣೆಗೆ ಸಂಸತ್ತು ಪ್ರತ್ಯೇಕ ಕಾಯಿದೆಯನ್ನೇ ಮಾಡಿತು.

ಇಷ್ಟು ಗೆದ್ದ ನಾಡು ಮುಂದೆ ಸೋತಿತು. ಪೂರ್ವ ಭಾಗದ ಕಾರಾನ್ಯೂಕರ್ ಎಂಬಲ್ಲಿ 190 ಮೀಟರಿಗೂ ಎತ್ತರದ ಅಣೆಕಟ್ಟು ಎದ್ದಿತು. ವಾಟ್ನಾಯೋಕುಲ್‌ನಿಂದ ಹೊರಡುವ ಎರಡು ಹೊಳೆಗಳನ್ನು ಸುರಂಗಕ್ಕೆ ತಿರುಗಿಸಿ 690 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ಸ್ಥಾಪಿಸಿದರು. ಆ ವಿದ್ಯುತ್ತು ಹೋಗುವುದು ಮನೆಗಳ ದೀಪಕ್ಕಲ್ಲ. ಕರಾವಳಿಯ ಒಂದು ಅಲ್ಯೂಮಿನಿಯಂ ಕಾರ್ಖಾನೆಗೆ. 2006ರ ಸೆಪ್ಟೆಂಬರಿನಲ್ಲಿ ಸಾವಿರಾರು ಜನ ರೇಕ್ಯಾವಿಕ್‌ನ ಬೀದಿಗಿಳಿದರು. ಅದರ ಬೆನ್ನಿಗೇ ಜಲಾಶಯ ತುಂಬತೊಡಗಿತು. 57 ಚದರ ಕಿಲೋಮೀಟರ್ ನೆಲ ಮುಳುಗಿತು. ತೋಫ್ರಾಫಾಸ್ ಎಂಬ ಅಬ್ಬಿ ನೀರಿನಡಿಯಾಯಿತು; ಪಕ್ಕದ ಹೊಳೆಯ ಹಲವು ಅಬ್ಬಿಗಳು ಸೊರಗಿದವು. ಆ ಭಾಗದ ಜನರಲ್ಲಿ ಅನೇಕರು ಉದ್ಯೋಗ ಬರಲೆಂದು ಯೋಜನೆಯನ್ನು ಬಯಸಿದ್ದರು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮೀನುಗಾರಿಕೆ ಇಳಿಮುಖವಾಗಿ ಯುವಕರು ಊರು ಬಿಡುತ್ತಿದ್ದರು.

ಕೃಷಿ ವಿಜ್ಞಾನಿಯಾಗಿ ನನ್ನ ಗಮನ ಅಲ್ಲಿನ ಹೂಳಿನ ಮೇಲೆ ಬಿತ್ತು. ಹಿಮ ಅರೆದ ಹಿಟ್ಟು ಜಲಾಶಯದ ತಳ ಸೇರುತ್ತದೆ. ಬೇಸಿಗೆಯ ಆರಂಭದಲ್ಲಿ ನೀರಿನ ಮಟ್ಟ ತೀರ ತಗ್ಗಿದಾಗ ದಡದ ಹೂಳು ಒಣಗಿ, ಗಾಳಿಗೆದ್ದು, ಸುತ್ತಲಿನ ಹುಲ್ಲುಗಾವಲಿನ ಮೇಲೆ ಕೂರುತ್ತದೆ. ಮೊದಲೇ ಮಣ್ಣಿನ ಸವಕಳಿಯಿಂದ ಬಳಲಿದ ನಾಡು ಅದು. ಇತ್ತ ನೀರನ್ನು ತಿರುಗಿಸಿ ಬಿಟ್ಟ ಲಾಗರ್‌ಫ್ಲ್ಯೋತ್ ಸರೋವರ ಇನ್ನಷ್ಟು ಕದಡಿ, ಬೆಳಕು ಆಳಕ್ಕೆ ಇಳಿಯದಾಯಿತು. ಬೆಳಕಿಲ್ಲದ ಕಡೆ ಪಾಚಿಯಿಲ್ಲ. ಪಾಚಿಯಿಲ್ಲದ ಕಡೆ ಮೀನಿಗೆ ಮೇವಿಲ್ಲ. ಸುಂದರ ಅಬ್ಬಿಯೊಂದರ ಸುತ್ತ ಬೇಲಿ ಹಾಕಿ ಕಾಪಾಡಿದೆವೆನ್ನುವವರು ಅದರ ನೆತ್ತಿಯ ಮೇಲಿನ ಹಿಮವನ್ನೂ ಕಾಲಬುಡದ ಕೆರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಈಗ ನೆತ್ತಿಯ ಹಿಮವೇ ಕರಗುತ್ತಿದೆ. ಇಸವಿ 2000ದಿಂದ ಈಚೆಗೆ ಐಸ್‌ಲ್ಯಾಂಡಿನ ಹಿಮನದಿಗಳು 800 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರವನ್ನು ಕಳೆದುಕೊಂಡಿವೆ. ಓಕ್ ಎಂಬ ಬೆಟ್ಟದ ಮೇಲಿನ ಹಿಮ ತೆಳುವಾಗಿ, ಸರಿಯುವುದನ್ನೇ ನಿಲ್ಲಿಸಿದ್ದರಿಂದ 2014ರಲ್ಲಿ ಅದನ್ನು ಹಿಮನದಿಗಳ ಪಟ್ಟಿಯಿಂದ ತೆಗೆದರು. 2019ರಲ್ಲಿ ಅದರ ನೆನಪಿಗೆ ಬಂಡೆಯ ಮೇಲೆ ಫಲಕ ನೆಟ್ಟರು.

ಹಿಮ ಕರಗಿದರೆ ಅಬ್ಬಿಗೆ ನೀರು ಹೆಚ್ಚುವುದಲ್ಲವೇ ಎಂದು ವಿದ್ಯಾರ್ಥಿಯೊಬ್ಬರು ಬೆಳಿಗ್ಗೆ ಕೇಳಿದರು. ಹೌದು, ಮೊದಮೊದಲು ಹೆಚ್ಚುತ್ತದೆ. ಕಣಜದ ಬಾಗಿಲು ತೆಗೆದು ಸುರಿದಾಗ ಅಂಗಳದ ತುಂಬ ಭತ್ತ ಕಾಣುವಂತೆ. ಗಡ್ಡೆ ಕಿರಿದಾದ ಮೇಲೆ ಹರಿವು ಇಳಿಯುತ್ತದೆ. ಕೆಲವೊಮ್ಮೆ ಹೊಳೆ ದಾರಿಯನ್ನೇ ಬದಲಿಸುತ್ತದೆ. ದಕ್ಷಿಣದ ಸ್ಕೇದಾರಾ ಹೊಳೆಗೆ 1974ರಲ್ಲಿ 880 ಮೀಟರ್ ಉದ್ದದ ಸೇತುವೆ ಕಟ್ಟಿ, ದೇಶವನ್ನು ಸುತ್ತುವ ಹೆದ್ದಾರಿಯನ್ನು ಪೂರ್ಣಗೊಳಿಸಿದ್ದರು. ಹಿಮನದಿಯ ಅಂಚು ಹಿಂದೆ ಸರಿಯಿತು. 2009ರಲ್ಲಿ ಹೊಳೆ ಪಶ್ಚಿಮದ ಇನ್ನೊಂದು ಹೊಳೆಯನ್ನು ಸೇರಿಕೊಂಡಿತು. ಅಷ್ಟುದ್ದದ ಸೇತುವೆಯ ಕೆಳಗೆ ಉಳಿದದ್ದು ಕಪ್ಪು ಮರಳು ಮತ್ತು ಒಂದು ಚಿಕ್ಕ ಹೊಳೆ. 2017ರಲ್ಲಿ ಆ ಚಿಕ್ಕ ಹೊಳೆಗೆ ಸಾಕಾಗುವಷ್ಟು ಗಿಡ್ಡ ಸೇತುವೆ ಕಟ್ಟಿ, ರಸ್ತೆಯನ್ನು ಅತ್ತ ತಿರುಗಿಸಿದರು.