ಹಳೆಯ ಕಂಪ್ಯೂಟರಿಗೆ ಮರುಜೀವ: ಒಂದು ಪೆನ್‌ಡ್ರೈವ್ ಸಾಕು



ಬೆಂಗಳೂರಿನ ದಂಡುಪ್ರದೇಶದಲ್ಲಿ, ಹಲಸೂರಿನ ಸಮೀಪ, ಮರ್ಫಿ ಟೌನ್ ಎಂಬ ಬಡಾವಣೆಯಿದೆ. ಹಿಂದೆ ನಾಕ್ಸ್‌ಪೇಟೆ ಎನಿಸಿಕೊಂಡಿದ್ದ ಅಲ್ಲಿ ದುಡಿಯುವ ಜನರಿಗಾಗಿ ಚಿಕ್ಕ ಮನೆಗಳನ್ನು ಕಟ್ಟಲಾಯಿತು. ಅಂತಹ ಮನೆಯ ವಿದ್ಯಾರ್ಥಿಗೂ ಘಟ್ಟದ ಶಾಲೆಗೂ ಇಂದು ಎದುರಾಗಿರುವ ಪ್ರಶ್ನೆ ಒಂದೇ: ಸುಸ್ಥಿತಿಯಲ್ಲಿರುವ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೆ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಬಯಸುವ ಪ್ರೊಸೆಸರ್ ಅನೇಕ ಹಳೆಯ ಯಂತ್ರಗಳಲ್ಲಿಲ್ಲ. ಯಂತ್ರ ಕೆಟ್ಟಿಲ್ಲ, ತಂತ್ರಾಂಶದ ವಾಯಿದೆ ಮುಗಿದಿದೆ, ಅಷ್ಟೇ. ಆದರೆ ಎಸೆದ ಯಂತ್ರದ ಬೆಸುಗೆಯಲ್ಲಿನ ಸೀಸ, ಹಳೆಯ ಪರದೆಯಲ್ಲಿನ ಪಾದರಸ ಮಣ್ಣನ್ನೂ ನೀರನ್ನೂ ಸೇರಬಲ್ಲವು. ಹೊಸದಕ್ಕಾಗಿ ಮತ್ತೆಲ್ಲೋ ಗಣಿ ಅಗೆಯಬೇಕು.

ಇದಕ್ಕೊಂದು ಪರಿಹಾರ 1991ರಲ್ಲಿ ಆರಂಭವಾದ ಲಿನಕ್ಸ್. ಮನೆಯಲ್ಲಿ ಕಾಪಿಟ್ಟ ಬೀಜದಂತೆ ಇದನ್ನು ನೆರೆಯವರೊಡನೆ ಹಂಚಿಕೊಳ್ಳಬಹುದು, ಕಾನೂನು ತಡೆಯುವುದಿಲ್ಲ.

ವಿಧಾನ ಸರಳವಾದುದು. 8 ಜಿಬಿಯ ಪೆನ್‌ಡ್ರೈವ್ ಒಂದಿರಲಿ. ಅದರಲ್ಲಿರುವುದೆಲ್ಲವೂ ಅಳಿಸಿಹೋಗುವುದರಿಂದ ಮೊದಲೇ ಬೇರೆಡೆ ಉಳಿಸಿಕೊಳ್ಳಬೇಕು. 64 ಬಿಟ್‌ನ, 4 ಜಿಬಿ ರ‍್ಯಾಮ್ ಉಳ್ಳ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ತಕ್ಕುದು. ಅದರ ಐಎಸ್‌ಒ ಕಡತವನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಅಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 ಸಂಖ್ಯೆಯೊಡನೆ ತಾಳೆ ನೋಡಬೇಕು. ಘಟ್ಟದಲ್ಲಿ ನೆಟ್‌ವರ್ಕ್ ಕಡಿದಾಗ ಕಡತ ಅರ್ಧಕ್ಕೇ ನಿಂತಿದ್ದರೆ ಇಲ್ಲಿ ತಿಳಿಯುತ್ತದೆ. ಛಾಯಾಚಿತ್ರದಂತೆ ಕಡತವನ್ನು ಸುಮ್ಮನೆ ನಕಲಿಸಿದರೆ ಯಂತ್ರ ಅದರಿಂದ ಆರಂಭವಾಗದು. ರೂಫಸ್ ಅಥವಾ ಬಲೇನಾ ಎಚರ್ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯಬೇಕು.

ಬಳಿಕ ಪೆನ್‌ಡ್ರೈವ್ ಸಿಕ್ಕಿಸಿ, ಕಂಪ್ಯೂಟರ್ ಆರಂಭವಾಗುವಾಗ ತಯಾರಕರು ಗೊತ್ತುಪಡಿಸಿದ ಕೀಲಿಯನ್ನು (ಎಫ್12, ಎಫ್9 ಅಥವಾ ಎಸ್ಕೇಪ್) ಒತ್ತಿ ಪೆನ್‌ಡ್ರೈವನ್ನು ಆರಿಸಬೇಕು. ಆಗ ಲಿನಕ್ಸ್ ಪೆನ್‌ಡ್ರೈವಿನಿಂದಲೇ ನಡೆಯುತ್ತದೆ. ಹಾರ್ಡ್‌ಡಿಸ್ಕ್ ಇದ್ದಂತೆಯೇ ಇರುತ್ತದೆ. ಬಿತ್ತುವ ಮೊದಲು ರೈತನು ನಡೆಸುವ ಮೊಳಕೆ ಪರೀಕ್ಷೆಯಂತೆಯೇ ಇದು. ವೈಫೈ, ಧ್ವನಿ, ಪ್ರಿಂಟರ್ ಸರಿಯಿವೆಯೇ, ಕನ್ನಡ ಅಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ನೋಡಿಯೇ ಸ್ಥಾಪನೆಗೆ ಮುಂದಾಗಬೇಕು. ‘ಡಿಸ್ಕ್ ಅಳಿಸು’ ಎಂಬ ಆಯ್ಕೆಯನ್ನು ಒತ್ತಿದರೆ ಹಳೆಯ ಕಡತಗಳು ಉಳಿಯುವುದಿಲ್ಲ. ಅವುಗಳ ಪ್ರತಿ ಮೊದಲೇ ಬೇರೆಡೆ ಇರಲಿ.

ಒಮ್ಮೆ ಸಿದ್ಧಪಡಿಸಿದ ಪೆನ್‌ಡ್ರೈವ್ ಇಡೀ ಊರಿಗೆ ಸಾಕು. ಬೆಂಗಳೂರಿನ ಸುದರ್ಶನ ಲೇಔಟ್ ಕೊಳೆಗೇರಿಯ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರದಲ್ಲಿ ಮಕ್ಕಳು ಹಳೆಯ ಕಂಪ್ಯೂಟರುಗಳಲ್ಲಿಯೇ ಸ್ವತಂತ್ರ ತಂತ್ರಾಂಶ ಕಲಿತು, ಗಿಂಪ್‌ನಲ್ಲಿ ಚಿತ್ರ ರಚಿಸಿದರು. ಅದು ಘಟ್ಟದ ಶಾಲೆಗೂ ಅಸಾಧ್ಯವಲ್ಲ.

ದುರಸ್ತಿಗೆ ಒಗ್ಗದ ಯಂತ್ರವನ್ನು ಹಳ್ಳಕ್ಕೂ ಬೆಂಕಿಗೂ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆ ಘಟಕಕ್ಕೆ ಸೇರಿಸಬೇಕು. ಅದಕ್ಕೂ ಮೊದಲು, ಶಾಲೆಯ ಮೂಲೆಯಲ್ಲಿ ಧೂಳು ಹಿಡಿದಿರುವ ಕಂಪ್ಯೂಟರನ್ನು ಒಮ್ಮೆ ಪರೀಕ್ಷಿಸಿ ನೋಡಿರಿ.