ಹಳೆಯ ಬಗ್ಗಿಗಳ ಬೇಟೆ

ಬಗ್ಗಿ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ಕುದುರೆ ಕಟ್ಟಿದ ಹಗುರವಾದ ಗಾಡಿ. ಅಮಲ್ದಾರರೋ ದೊಡ್ಡ ವಕೀಲರೋ ಅದರಲ್ಲಿ ಕುಳಿತು ಹೊರಟರೆ ಬೀದಿಯ ಮಕ್ಕಳು ಹಿಂದೆ ಓಡುತ್ತಿದ್ದರಂತೆ. ನಾನು ಕಂಡವನಲ್ಲ, ನನ್ನ ತಾತ ಹೇಳಿದ್ದು. ಈಗ ನಾನು ಹೇಳಹೊರಟಿರುವ ಬಗ್ಗಿಗೂ ನಾಲ್ಕು ಚಕ್ರಗಳುಂಟು, ಹಿಂದೆ ಓಡುವ ಮಕ್ಕಳೂ ಉಂಟು. ಆದರೆ ಕುದುರೆ ಇಲ್ಲ, ಸಾರಥಿಯೂ ಗಾಡಿಯೊಳಗಿಲ್ಲ. ಅವನು ಇಪ್ಪತ್ತು ಮಾರು ದೂರದಲ್ಲಿ ಕೈಯಲ್ಲೊಂದು ಪೆಟ್ಟಿಗೆ ಹಿಡಿದು ನಿಂತಿರುತ್ತಾನೆ. ಗಾಡಿಯ ಉದ್ದ ಒಂದು ಮೊಳಕ್ಕೆ ತುಸು ಕಡಿಮೆ. ಬಗ್ಗಿ ನೋಡಬೇಕಾದುದರಿಂದಲೇ ಇದಕ್ಕೆ ಬಗ್ಗಿ ಎಂದು ಹೆಸರಾಯಿತೆಂದು ಪಂಡಿತನಾದ ನಾನು ನಿರುಕ್ತಿ ಹೇಳಿ ನೋಡಿದೆ. ನನ್ನ ಶಿಷ್ಯ ನಂಬಲಿಲ್ಲ.

ಕನ್ನಡ ಪಾಠ ಹೇಳುವವನಿಗೂ ರೇಡಿಯೋದಿಂದ ಓಡುವ ಆಟದ ಕಾರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ತಂದವನು ಆ ಶಿಷ್ಯನೇ. ಹಳಗನ್ನಡ ಪದ್ಯಕ್ಕೆ ಅನ್ವಯ ಹೇಳೆಂದರೆ ಕಿಟಕಿಯಾಚೆ ನೋಡುತ್ತಿದ್ದ ಹುಡುಗ, ಈಗ ಬೆಂಗಳೂರಿನಲ್ಲಿ ಇಂಜಿನಿಯರು. ಕಳೆದ ಬೇಸಗೆಯಲ್ಲಿ ಎರಡು ರಟ್ಟಿನ ಪೆಟ್ಟಿಗೆಗಳನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದ. ಮಾವಿನಹಣ್ಣು ತಂದಿದ್ದಾನೆಂದು ನಮ್ಮ ಮನೆಯವರು ಸಂತೋಷಪಟ್ಟರು. ಎರಡರಲ್ಲೂ ಇದ್ದವು ಬಗ್ಗಿಗಳೇ. “ಮೇಷ್ಟ್ರೇ, ನಿಮ್ಮಿಂದ ಒಂದು ತೀರ್ಮಾನ ಆಗಬೇಕು” ಎಂದ. ಆ ತೀರ್ಮಾನದ ಮಾತು ಆಮೇಲೆ. ಅದು ಅರ್ಥವಾಗಬೇಕಾದರೆ ಮೊದಲು ಈ ಗಾಡಿಗಳ ಕುಲಗೋತ್ರ ತಿಳಿಯಬೇಕು.

ಕುಲ ಅಮೆರಿಕದ ಕ್ಯಾಲಿಫೋರ್ನಿಯದ್ದು. ಅಲ್ಲಿ 1964ರಲ್ಲಿ ಬ್ರೂಸ್ ಮೇಯರ್ಸ್ ಎಂಬ ದೋಣಿ ಕಟ್ಟುವ ಕಸಬಿನವನು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಯಂತ್ರಭಾಗಗಳಿಗೆ ಗಾಜಿನ ನಾರಿನ ಹಗುರ ಮೈಯೊಂದನ್ನು ತೊಡಿಸಿ, ಕಡಲತೀರದ ಮರಳಿನಲ್ಲಿ ಓಡುವಂತೆ ಮಾಡಿದ. 1967ರಲ್ಲಿ ಮೆಕ್ಸಿಕೋದ ಬಾಹಾ ಮರುಭೂಮಿಯಲ್ಲಿ ಮೊದಲ ಸಲ ನಡೆದ ದೂರದ ಪಂದ್ಯವನ್ನು ಇಂಥ ಗಾಡಿಯೇ ಗೆದ್ದಿತು. ಕುದುರೆಗಾಡಿಯ ಹಳೆಯ ಹೆಸರು ಮರಳುಗಾಡಿಗೆ ಅಂಟಿಕೊಂಡು ಲೋಕಪ್ರಸಿದ್ಧವಾಯಿತು.

ಗೋತ್ರ ಜಪಾನಿನದು. ಷಿಜುವೋಕಾ ಎಂಬ ಊರಿನಲ್ಲಿ 1946ರಲ್ಲಿ ತಮಿಯಾ ಯೋಷಿಯೋ ಎಂಬವರು ಮರದ ವ್ಯಾಪಾರ ಆರಂಭಿಸಿದರು. ಜೊತೆಗೆ ಮರದ ಹಡಗು, ವಿಮಾನಗಳ ಮಾದರಿಗಳನ್ನೂ ಮಾಡಿಸುತ್ತಿದ್ದರು. 1951ರಲ್ಲಿ ಬೆಂಕಿ ಬಿದ್ದು ಮರದ ದಾಸ್ತಾನು ಸುಟ್ಟುಹೋಯಿತು. ಕೆಲವು ವರ್ಷಗಳಲ್ಲಿ ಮರದ ವ್ಯಾಪಾರವನ್ನೇ ಬಿಟ್ಟು ಮಾದರಿಗಳನ್ನೇ ನಂಬಿದರು. ಆಟಿಕೆಯಿಂದ ಅನ್ನ ಹುಟ್ಟುತ್ತದೆಂದು ಚನ್ನಪಟ್ಟಣದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮರ ಹೋಗಿ ಪ್ಲಾಸ್ಟಿಕ್ ಬಂತು. 1976ರಲ್ಲಿ ಆ ಸಂಸ್ಥೆಯಿಂದ ಮೊದಲ ರೇಡಿಯೋ ಕಾರು ಹೊರಬಿತ್ತು: ಪೋರ್ಷೆ 934, ನಿಜವಾದುದರ ಹನ್ನೆರಡರಲ್ಲೊಂದು ಅಳತೆಯದು. ಅದು ನಯವಾದ ನೆಲವನ್ನು ಬೇಡುವ ಕಾರು. ಕಲ್ಲು ಮಣ್ಣಿನಲ್ಲಿ ಓಡುವ ರಫ್ ರೈಡರ್, ಸ್ಯಾಂಡ್ ಸ್ಕಾರ್ಚರ್ ಎಂಬ ಎರಡು ಬಗ್ಗಿಗಳು 1979ರಲ್ಲಿ ಬಂದವು. ಎರಡಕ್ಕೂ ಅಡಿಭಾಗ ಒಂದೇ. ಎರಕದ ಲೋಹದ ತೋಳುಗಳು, ಗಾಜಿನ ನಾರು ಬೆರೆಸಿದ ತಳಹಲಗೆ, ನೀರು ಹೊಗದಂತೆ ರೇಡಿಯೋ ಭಾಗಗಳಿಗೆ ಪಾರದರ್ಶಕವಾದ ಮುಚ್ಚಳದ ಗೂಡು. ಸ್ಯಾಂಡ್ ಸ್ಕಾರ್ಚರಿನ ಮೈ ಬೀಟಲ್ ಕಾರಿನದೇ. ಆಟದ ಸಾಮಾನಿಗೆ ಇಷ್ಟು ಶ್ರದ್ಧೆಯೇ ಎಂದು, ಕನ್ನಡಕ ಏರಿಸಿಕೊಂಡು ನೋಡಿದಾಗ ನನಗೆ ಬೆರಗಾಯಿತು.

ರೇಡಿಯೋ ಇಟ್ಟುಕೊಂಡ ಮನೆಯವರಾದ ನಿಮಗೆ, ಇದರೊಳಗಿನ ರೇಡಿಯೋ ಹೇಗೆ ಕೆಲಸ ಮಾಡುತ್ತದೆಂಬ ಕುತೂಹಲ ಇದ್ದೇ ಇರುತ್ತದೆ. ದೂರದಿಂದ ಅಲೆಯ ಮೂಲಕ ಯಂತ್ರವನ್ನು ನಡೆಸಿ ತೋರಿಸಿದ ಕೀರ್ತಿ ನಿಕೋಲಾ ಟೆಸ್ಲಾಗೆ ಸಲ್ಲುತ್ತದೆ. 1898ರಲ್ಲಿ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ಅವನು ನೀರಿನ ತೊಟ್ಟಿಯಲ್ಲಿ ಹೀಗೆ ತಿರುಗಿಸಿದ. ನಮ್ಮ ಬಗ್ಗಿಯ ಕಾಲದ ಪೆಟ್ಟಿಗೆಗಳು ಬಹುಮಟ್ಟಿಗೆ 27 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ, ಅಂದರೆ ಹನ್ನೊಂದು ಮೀಟರಿನಷ್ಟು ಉದ್ದದ ಅಲೆಯಲ್ಲಿ, ಮಾತನಾಡುತ್ತಿದ್ದವು. ಮಾತೆಂದರೆ ಮಾತಲ್ಲ, ಬರಿಯ ಮಾತ್ರೆಗಳ ಎಣಿಕೆ. ಒಂದು ಸೆಕೆಂಡಿನಲ್ಲಿ ಸುಮಾರು ಐವತ್ತು ಸಲ ಮಿಡಿತ ಹೊರಡುತ್ತದೆ. ಮಿಡಿತ ಒಂದೂವರೆ ಮಿಲಿಸೆಕೆಂಡು ಇದ್ದರೆ ಚಕ್ರ ನೆಟ್ಟಗೆ; ಒಂದರತ್ತ ಕುಗ್ಗಿದರೆ ಒಂದು ಕಡೆಗೆ, ಎರಡರತ್ತ ಹಿಗ್ಗಿದರೆ ಇನ್ನೊಂದು ಕಡೆಗೆ. ಗಾಡಿಯಲ್ಲಿರುವ ಸರ್ವೋ ಎಂಬ ಪುಟ್ಟ ಮೋಟಾರು ಆ ಲಘುಗುರುಗಳನ್ನು ಗುರುತಿಸಿ ಚಕ್ರ ತಿರುಗಿಸುತ್ತದೆ. ಛಂದಸ್ಸು ಕಲಿಯದ ನನ್ನ ಶಿಷ್ಯ ಇಷ್ಟು ದಿನ ಓಡಿಸುತ್ತಿದ್ದುದು ಛಂದಸ್ಸನ್ನೇ ಎಂದು ನಾನು ಹೇಳಿದಾಗ ಅವನು ಮೊದಲ ಬಾರಿಗೆ ತಲೆದೂಗಿದ.

ಇಬ್ಬರ ಪೆಟ್ಟಿಗೆಗಳಲ್ಲಿ ಒಂದೇ ಕಂಪನದ ಸ್ಫಟಿಕವಿದ್ದರೆ ಒಬ್ಬನ ಗಾಡಿ ಇನ್ನೊಬ್ಬನ ಮಾತು ಕೇಳಿ ಗೋಡೆಗೆ ಗುದ್ದುತ್ತಿತ್ತು. ಅದಕ್ಕೆಂದೇ ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂದು ಒಂದೊಂದು ಕಂಪನಕ್ಕೆ ಒಂದೊಂದು ಬಣ್ಣವನ್ನು ಗೊತ್ತು ಮಾಡಿ, ಏರಿಯಲ್ಲಿನ ತುದಿಗೆ ಆ ಬಣ್ಣದ ಪಟ್ಟಿ ಕಟ್ಟುತ್ತಿದ್ದರು. ಈಗಿನ ಪೆಟ್ಟಿಗೆಗಳು 2.4 ಗಿಗಾಹರ್ಟ್ಸ್‌ನಲ್ಲಿ ತಮ್ಮ ತಮ್ಮೊಳಗೇ ಗುರುತು ಹಿಡಿದುಕೊಳ್ಳುತ್ತವೆ, ಬಣ್ಣದ ಪಟ್ಟಿ ಬೇಕಿಲ್ಲ.

ಇನ್ನು ಸಂಗ್ರಹದ ಮಾತು. ಅಂಗಡಿಯಲ್ಲಿ ಸಿದ್ಧವಾದ ಕಾರು ಸಿಗುತ್ತಿರಲಿಲ್ಲ, ಬಿಡಿಭಾಗಗಳು ಸಿಗುತ್ತಿದ್ದವು. ಹುಡುಗ ತಿರುಪು ಬಿಗಿದು, ಬಣ್ಣ ಹಚ್ಚಿ, ಚೀಟಿ ಅಂಟಿಸಿ, ತಾನೇ ಕಟ್ಟಿಕೊಳ್ಳಬೇಕು. ಕಟ್ಟಿದ ಮೇಲೆ ಅಂಗಳಕ್ಕಿಳಿಸದೆ ಇರುತ್ತಾನೆಯೆ? ಇಳಿಸಿದ; ಮೆಟ್ಟಿಲ ಮೇಲಿಂದ ಹಾರಿಸಿದ; ಮುಂದಿನ ತೋಳು ಮುರಿಯಿತು. ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಒಳಗೇ ಉಳಿದು ಸೋರಿ ತಂತಿಗಳನ್ನು ತಿಂದಿತು. ವೇಗ ಹೆಚ್ಚುಕಡಿಮೆ ಮಾಡುವ ಲೋಹದ ನಾಲಗೆ ಕಿಡಿ ಹಾರಿ ಹಾರಿ ಕಪ್ಪಾಯಿತು. ಹುಡುಗ ಕಾಲೇಜಿಗೆ ಹೋದ. ಗಾಡಿ ಅಟ್ಟ ಸೇರಿತು. ಅಲ್ಲಿ ಬಿಳಿಯ ಪ್ಲಾಸ್ಟಿಕ್ ಹಳದಿಗೆ ತಿರುಗಿತು, ಟಯರು ಬಿರಿಯಿತು. ಚಿತ್ರವಿದ್ದ ರಟ್ಟಿನ ಪೆಟ್ಟಿಗೆಯನ್ನು ಅಮ್ಮ ಎಂದೋ ಒಲೆಗೆ ಹಾಕಿದ್ದಳು. ಆಡಲೆಂದೇ ಹುಟ್ಟಿದ ವಸ್ತು ಆಡಿದ್ದರಿಂದಲೇ ಅಪರೂಪವಾಯಿತು. ನಲವತ್ತು ವರ್ಷ ಕಳೆದು ಆ ಹುಡುಗರೇ ನಡುವಯಸ್ಸಿನವರಾಗಿ, ಯಾರೂ ಬಿಚ್ಚದ ಪೆಟ್ಟಿಗೆಯೊಂದು ಸಿಕ್ಕೀತೆಂದು ದೇಶದೇಶಗಳಲ್ಲಿ ಹುಡುಕುತ್ತಿದ್ದಾರೆ. ಸಿಕ್ಕಿದರೆ ಅವರೂ ಬಿಚ್ಚುವುದಿಲ್ಲ! ಬಿಚ್ಚಿದರೆ ಬೆಲೆ ಇಳಿಯುತ್ತದೆ. ಓದಿದರೆ ಕೆಡುವ ಓಲೆಗರಿಯಂತೆ ಇದು. ಅಂಥ ಸಂಗ್ರಾಹಕರ ಬಗ್ಗೆ ನನಗೆ ಸ್ವಲ್ಪ ಮರುಕವೇ.

ಇವರ ಮೋಹ ಗೆದ್ದ ಗಾಡಿಗಳ ಮೇಲೆಯೇ ಎಂದುಕೊಳ್ಳಬೇಡಿ. ಅಮೆರಿಕದ ಅಸೋಸಿಯೇಟೆಡ್ ಎಂಬವರ ಆರ್‌ಸಿ ಟೆನ್ ಎಂಬ ಬಗ್ಗಿ 1984ರಲ್ಲಿ ಬಂತು, ಹೊಂಬಣ್ಣದ ಅಲ್ಯೂಮಿನಿಯಂ ತೊಟ್ಟಿಯಂಥ ತಳ ಅದಕ್ಕೆ. ಮರುವರ್ಷವೇ ಕ್ಯಾಲಿಫೋರ್ನಿಯದಲ್ಲಿ ನಡೆದ ಮೊದಲ ವಿಶ್ವಸ್ಪರ್ಧೆಯ ದ್ವಿಚಕ್ರಚಾಲನೆಯ ವಿಭಾಗವನ್ನು ಗೆದ್ದುಕೊಂಡಿತು. ಅದಕ್ಕೂ ಭಕ್ತರಿದ್ದಾರೆ. ಆದರೆ 1988ರಲ್ಲಿ ತಮಿಯಾದವರು ತಂದ ಅವಾಂತೆ ಎಂಬ ಗಾಡಿ, ನೋಡಲು ರಥ, ಭಾಗಗಳೋ ಅಸಂಖ್ಯ, ಬೆಲೆಯೂ ಬಲು ಹೆಚ್ಚು. ಪಂದ್ಯದಲ್ಲಿ ಮಾತ್ರ ಹೇಳಿಕೊಳ್ಳುವಂಥ ಹೆಸರು ಮಾಡಲಿಲ್ಲ. ಇಂದು ಅದನ್ನು ಹುಡುಕುವವರಿಗೆ ಲೆಕ್ಕವಿಲ್ಲ. ಅಂದು ಅಂಗಡಿಯ ಗಾಜಿನಾಚೆ ಕಂಡು, ಅಪ್ಪನ ಜೇಬು ನೆನೆದು, ಹಿಂದಿರುಗಿದವರು ಇವರು.

ಕಂಪನಿಯವರು ಈ ಹಂಬಲವನ್ನು ಕಂಡರು. ಹಳೆಯ ಗಾಡಿಗಳನ್ನೇ ಮತ್ತೆ ಅಚ್ಚು ಹಾಕತೊಡಗಿದರು. ಹಾರ್ನೆಟ್ 2004ರಲ್ಲಿ, ಗ್ರಾಸ್‌ಹಾಪರ್ 2005ರಲ್ಲಿ, ಸ್ಯಾಂಡ್ ಸ್ಕಾರ್ಚರ್ 2010ರಲ್ಲಿ, ಅವಾಂತೆ 2011ರಲ್ಲಿ ಪುನರವತರಿಸಿದವು. ಓಡಿಸಲು ಬಯಸುವವನಿಗೆ ಇದು ಹಬ್ಬ: ನಲವತ್ತು ವರ್ಷದ ಗಾಡಿಗೆ ಹೊಸ ಚಕ್ರ, ಹೊಸ ತೋಳು ಸಿಗುತ್ತದೆ. ಮೂಲಪ್ರತಿ ಬೇಕೆನ್ನುವವನಿಗೆ ತಲೆನೋವು. ಹಳೆಯದರ ಮೇಲೆ ಹೊಸದನ್ನು ಕೂರಿಸಿ ಎಲ್ಲವೂ 1979ರದೇ ಎಂದು ಮಾರುವವರು ಹುಟ್ಟಿಕೊಂಡರು. ನಮ್ಮ ಗ್ರಂಥಸಂಪಾದನೆಯಲ್ಲಿ ಇದಕ್ಕೆ ಪ್ರಕ್ಷಿಪ್ತವೆನ್ನುತ್ತಾರೆ.

ಈಗ ತೀರ್ಮಾನದ ಮಾತಿಗೆ ಬರೋಣ. ನನ್ನ ಶಿಷ್ಯನಲ್ಲಿ ಒಂದು ಸ್ಯಾಂಡ್ ಸ್ಕಾರ್ಚರ್ ಇತ್ತು. ಐದು ವರ್ಷದ ಉಳಿತಾಯ ಕೊಟ್ಟು ಹೊರದೇಶದ ಒಬ್ಬನಿಂದ ತರಿಸಿದ್ದು. ಕಳೆದ ವರ್ಷ ಅವನ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಗಾಡಿಯನ್ನು ಮಾರಲು ಹೊರಟ. ದೂರದ ಸಂಗ್ರಾಹಕನೊಬ್ಬ ಒಳ್ಳೆಯ ಬೆಲೆಗೆ ಒಪ್ಪಿದ. ಕಳಿಸುವ ಮುನ್ನ ಒರೆಸಲೆಂದು ಮೈಯನ್ನು ಬಿಚ್ಚಿ ತಿರುಗಿಸಿದಾಗ ಇವನಿಗೆ ಸಂಶಯ ಬಂತು. ತಳಭಾಗದ ಲೋಹದಲ್ಲಿ ಮುಪ್ಪಿತ್ತು; ಮೈಯ ಒಳಗಡೆ ಮುಪ್ಪಿನ ಸುಳಿವೇ ಇಲ್ಲ. ಸ್ನೇಹಿತನ ಬಳಿಯಿದ್ದ ಹೊಸ ಅಚ್ಚಿನ ಮೈ ತಂದು ಪಕ್ಕದಲ್ಲಿಟ್ಟ. ಅವಳಿಜವಳಿ.

“ನನಗೆ ಮಾರಿದವನು ಹೇಳಲಿಲ್ಲ ಸಾರ್. ಕೊಳ್ಳುವವನೂ ಗಾಜಿನ ಬೀರುವಿನಲ್ಲಿ ಇಡುತ್ತಾನೆ, ತಿರುಗಿಸಿ ನೋಡುವುದಿಲ್ಲ. ಅಪ್ಪನಿಗೆ ಇನ್ನು ಹದಿನೈದು ದಿನದಲ್ಲಿ ಆಪರೇಷನ್” ಎಂದ.

ಅವನ ತಂದೆ ನನಗೆ ಪರಿಚಯದವರು. ನಮ್ಮ ಸ್ಕೂಲಿನ ವಾರ್ಷಿಕೋತ್ಸವಕ್ಕೆ ತಪ್ಪದೆ ಬರುತ್ತಿದ್ದವರು. ಹೇಳು ಎನ್ನುವುದು ನನಗೆ ಸುಲಭ, ನನ್ನ ಜೇಬಿನಿಂದ ಹೋಗುವುದೇನೂ ಇಲ್ಲ. ಅದಕ್ಕಾಗಿ ಹೇಳು ಎನ್ನಲಿಲ್ಲ, ಬಿಡು ಎನ್ನಲೂ ಇಲ್ಲ. ನಾನು ಪಂಡಿತ ಪರೀಕ್ಷೆಗೆ ಓದುತ್ತಿದ್ದಾಗ ನಡೆದ ಒಂದು ಸಂಗತಿ ಹೇಳಿದೆ. ನಮ್ಮ ಗುರುಗಳು ಒಂದು ಓಲೆಯ ಪ್ರತಿ ಮಾಡಲು ಕೊಟ್ಟಿದ್ದರು. ಒಂದು ಷಟ್ಪದಿಯಲ್ಲಿ ಎರಡು ಸಾಲನ್ನು ಹುಳು ತಿಂದಿತ್ತು. ನಾನು ಹುರುಪಿನಿಂದ ಪ್ರಾಸ ಕೂಡಿಸಿ, ಮಾತ್ರೆ ಎಣಿಸಿ, ಎರಡು ಸಾಲು ಹೊಸೆದು ತುಂಬಿಸಿದೆ. ಗುರುಗಳು ಓದಿದರು, ನಕ್ಕರು, “ಸೊಗಸಾಗಿದೆಯಯ್ಯ” ಎಂದರು. ನಾನು ಉಬ್ಬಿದೆ. ಆಮೇಲೆ ಲೇಖನಿ ಕೈಗಿತ್ತು, “ಇದು ನಿನ್ನದು ಎಂದು ನಾಳೆ ಓದುವವನಿಗೆ ಹೇಗೆ ತಿಳಿಯಬೇಕು? ಕಂಸ ಹಾಕು” ಎಂದರು. ಹಾಕಿದೆ. ಸಾಲುಗಳನ್ನು ಅವರು ಹೊಡೆದುಹಾಕಲಿಲ್ಲ.

ಶಿಷ್ಯ ಕಾಫಿ ಮುಗಿಸಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಅಂದು ರಾತ್ರಿಯೇ ಕೊಳ್ಳುವವನಿಗೆ ಬರೆದನಂತೆ: ತಳ 1979ರದು, ಮೈ 2010ರದು. ನಾಲ್ಕು ದಿನ ಉತ್ತರವಿಲ್ಲ. ಆ ನಾಲ್ಕು ದಿನ ನನಗೂ ಊಟ ಸರಿಯಾಗಿ ಸೇರಲಿಲ್ಲ. ಕಂಸದ ಕಥೆ ಹೇಳಿ ಹುಡುಗನ ಮನೆ ಮುಳುಗಿಸಿದೆನೋ ಎಂಬ ಚಿಂತೆ. ಐದನೆಯ ದಿನ ಉತ್ತರ ಬಂತು. ಮೂರನೆಯ ಒಂದು ಪಾಲು ತಗ್ಗಿಸಿ ಕೊಂಡುಕೊಂಡ. ಕಡಿಮೆಬಿದ್ದುದನ್ನು ಶಿಷ್ಯ ಭಾವಮೈದುನನಲ್ಲಿ ಸಾಲ ಮಾಡಿದ, ಇನ್ನೂ ತೀರಿಸುತ್ತಿದ್ದಾನೆ. ತಂದೆಯವರು ಈಗ ಬೆಳಿಗ್ಗೆ ಪಾರ್ಕಿನಲ್ಲಿ ಎರಡು ಸುತ್ತು ನಡೆಯುತ್ತಾರೆ.

ಎರಡನೆಯ ಪೆಟ್ಟಿಗೆಯ ವಿಷಯ ಮರೆತೆ. ಅದರಲ್ಲಿದ್ದುದು ಹಾರ್ನೆಟ್, ಅವನ ಸೋದರಮಾವ ಎಂಬತ್ತರ ದಶಕದಲ್ಲಿ ಸಿಂಗಪುರದಿಂದ ತಂದು ತಾವೇ ಆಡಿ ಮುರಿದಿದ್ದುದು. ಅದರ ಮೈ ಒಳಗಿನಿಂದ ಬಣ್ಣ ಹಚ್ಚುವ ತೆಳು ಪಾರದರ್ಶಕ ಹಾಳೆಯದು. ಎರಡು ಕಡೆ ಬಿರಿದಿದೆ, ಹಿಂದೆ ಪಟ್ಟಿ ಅಂಟಿಸಿದ್ದಾನೆ. ಮುಂದಿನ ಚಕ್ರಗಳು ಹೊಸ ಅಚ್ಚಿನವು. ಸಂಗ್ರಾಹಕರು ಯಾರೂ ಇದನ್ನು ಕೇಳುವುದಿಲ್ಲ. ಅವನು ಮಾರುವುದೂ ಇಲ್ಲ. ಕಳೆದ ತಿಂಗಳು ಒಂದು ಶನಿವಾರ ಸ್ಕೂಲು ಬಿಟ್ಟ ಮೇಲೆ ನಮ್ಮ ಮೈದಾನಕ್ಕೆ ತಂದ. ಹಿಂದಿನ ಮುಳ್ಳಿನ ಟಯರುಗಳು ಕೆಮ್ಮಣ್ಣೆರಚಿ ಓಡಿದವು. ಎಂಟನೆಯ ತರಗತಿಯ ಹುಡುಗರೆಲ್ಲ ಹಿಂದೆ ಓಡಿದರು. ನಾನು ಹೆಡ್‌ಮಾಸ್ಟರು ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ನಾಲ್ಕು ಹೆಜ್ಜೆ ಬೇಗ ನಡೆದೆ. ಹನ್ನೆರಡು ನಿಮಿಷಕ್ಕೆ ಬ್ಯಾಟರಿ ಮುಗಿದು ಗಾಡಿ ಖೊಖೋ ಅಂಕಣದ ನಡುವೆ ನಿಂತುಬಿಟ್ಟಿತು. ಒಬ್ಬ ಹುಡುಗ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಇನ್ನೊಂದು ಬ್ಯಾಟರಿ ಇದೆಯೇ ಅಣ್ಣ ಎಂದು ಕೇಳಿದ. ಇತ್ತು.